ಕೊಕ್ಕಿನ ಪಾಪ ಯಾರ ಲೆಕ್ಕಕ್ಕೆ?

ನಾಲ್ಕು ಕಿಲೋ ತೂಗುವ ಗಿರಿರಾಜ ಹುಂಜ ಮುಕ್ಕಾಲು ಕಿಲೋ ಕೂಡ ಇಲ್ಲದ ಬ್ಯಾಂಟಮ್ ಹೇಂಟೆಯ ಬೆನ್ನು ಹರಿದರೆ ಆ ಪಾಪ ಯಾರ ಲೆಕ್ಕಕ್ಕೆ ಹೋಗುತ್ತದೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಪಕ್ಕದ ಮನೆಯ ಅಕ್ಕ. ಜೈನರು. ಎಂಬತ್ತರ ಹತ್ತಿರದ ವಯಸ್ಸು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ನಮ್ಮದು ಮೀನು, ಕೋಳಿ ತಿನ್ನುವ ಮನೆ. ಮೂಡುಬಿದಿರೆಯ ಹೊರವಲಯದಲ್ಲಿ, ನಮ್ಮಿಬ್ಬರ ಹಿತ್ತಿಲುಗಳ ನಡುವೆ ಇರುವುದು ಸೊಂಟದೆತ್ತರದ ಒಂದು ಕೆಂಪುಕಲ್ಲಿನ ಪಾಗಾರ. ಅವರು ಆಚೆ ನಿಂತು ಮಾತಾಡುತ್ತಾರೆ, ನಾನು ಈಚೆ ಕೋಳಿಗಳಿಗೆ ನುಚ್ಚು ಹಾಕುತ್ತಾ ಕೇಳುತ್ತೇನೆ.

"ಕೋಳಿಗೆ ಪಾಪ-ಪುಣ್ಯ ಗೊತ್ತಾಗುದಿಲ್ಲ ಟೀಚರ್. ಅದು ಪ್ರಾಣಿ. ಆದ್ರೆ ರಕ್ತ ಬಂದದ್ದಂತೂ ಹೌದಲ್ಲ? ಹಾಗಾದ್ರೆ ಪಾಪ ಎಲ್ಲಿಗೆ ಹೋಯ್ತು?"

ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಕೋಳಿಗಳ ವಿಚಾರ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಮೊದಲಿನಿಂದ ಇದ್ದದ್ದು ಗಿರಿರಾಜ, ಜೊತೆಗೆ ಒಂದೆರಡು ಊರಕೋಳಿ. ಗಿರಿರಾಜವನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಿಲಲ್ಲಿ ಸಾಕುವವರಿಗೆಂದೇ ರೂಪಿಸಿದರು. ಬಣ್ಣ ಊರಕೋಳಿಯದು, ಮೈ ಮಾತ್ರ ಬೇರೆಯದೇ ಅಂದಾಜಿನದು. ಮಂಗಳೂರಿನಲ್ಲಿರುವ ನನ್ನ ಅಣ್ಣನ ಮಗನಿಗೆ ಫ್ಯಾನ್ಸಿ ಕೋಳಿಯ ಮರುಳು. ಅವನು ಬಾಡಿಗೆ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವಾಗ, "ಅತ್ತೆ, ನಿಮ್ಮಲ್ಲಿ ಜಾಗ ಉಂಟಲ್ಲ" ಎಂದು ಮೂರು ಹೇಂಟೆ, ಒಂದು ಹುಂಜವನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದುಬಿಟ್ಟ. ಕೊಚ್ಚಿನ್ ಬ್ಯಾಂಟಮ್. ಕಾಲ್ಬೆರಳ ತನಕ ಪುಕ್ಕ. ನಡೆಯುವಾಗ ಕಾಲೇ ಕಾಣುವುದಿಲ್ಲ. ಜಾವಾ ದ್ವೀಪದ ಬಂಟೆನ್ ಬಂದರಿನಲ್ಲಿ ಯುರೋಪಿನ ಹಡಗಿನವರಿಗೆ ಸಿಗುತ್ತಿದ್ದ ಪುಟ್ಟ ಕೋಳಿಗಳಿಂದ ಈ ಜಾತಿಯವಕ್ಕೆಲ್ಲ ಬ್ಯಾಂಟಮ್ ಎಂಬ ಹೆಸರು ನಿಂತಿತಂತೆ. ನಮ್ಮ ಮನೆಗೆ ಬಂದವುಗಳ ಹಿರಿಯರು ಮಾತ್ರ ಚೀನಾದವರು. ಊರು ಯಾವುದಾದರೇನು, ಗಿರಿರಾಜದ ಮುಂದೆ ಅವು ಮರಿಗಳ ಹಾಗೆಯೇ ಕಾಣುತ್ತವೆ.

ಕೋಳಿ ಸಾಕದವರಿಗೆ ಕುಕ್ಕುವುದೆಂದರೆ ಏನೋ ಸಣ್ಣ ಜಗಳ ಅನ್ನಿಸಬಹುದು. ಅಲ್ಲ. ಹೊಸ ಕೋಳಿ ಬಂದರೆ ಹಳೆಯವು ಅದರ ತಲೆಗೇ ಗುರಿಯಿಡುತ್ತವೆ. ಜುಟ್ಟು ಒಡೆದು ಒಂದು ಹನಿ ರಕ್ತ ಕಂಡಿತೆಂದರೆ ಕೆಂಪು ಬಣ್ಣಕ್ಕೆ ಉಳಿದವೂ ಸೇರಿಕೊಳ್ಳುತ್ತವೆ. ಮೊದಲು ಕುಕ್ಕಿದ ಕೋಳಿ ಆಚೆ ಹೋಗಿ ಗೆದ್ದಲು ಹೆಕ್ಕುತ್ತಿದ್ದರೂ ಇಲ್ಲಿ ಕೆಲಸ ನಡೆದೇ ಇರುತ್ತದೆ. ಗಾಯವಾದದ್ದನ್ನು ಆ ಕ್ಷಣವೇ ಎತ್ತಿ, ಅರಿಶಿನ ಹಚ್ಚಿ, ಬೇರೆ ಪಂಜರದಲ್ಲಿ ಇಡದಿದ್ದರೆ ಸಂಜೆಗೆ ಅದು ಉಳಿಯುವುದಿಲ್ಲ.

ಆದರೆ ದಿನವೂ ನೋಡುವವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಬಯಲಿನಲ್ಲಿ ದೊಡ್ಡ ಹೇಂಟೆ ಸಣ್ಣದನ್ನು ಅಟ್ಟಿಸಿಕೊಂಡು ಹೋಗುವುದು ನಾಲ್ಕೈದು ಹೆಜ್ಜೆ ಮಾತ್ರ. ಸಣ್ಣದು ತಲೆ ತಗ್ಗಿಸಿ ಓಡಿತೋ, ದೊಡ್ಡದರ ಸಿಟ್ಟು ಅಲ್ಲಿಗೆ ಮುಗಿಯಿತು. ಅದಕ್ಕೆ ಬೇಕಾದದ್ದು ಎದುರಿನದು ಸೋತಿದೆ ಎಂಬ ಖಾತ್ರಿ, ಅದರ ಪ್ರಾಣವಲ್ಲ. ಅದೇ ಓಟ ಗೂಡಿನ ಮೂಲೆಯಲ್ಲಿ ಬಂದು ನಿಂತರೆ? ಸೋತೆ ಎಂದು ಹೇಳಲು ಕೋಳಿಗೆ ಗೊತ್ತಿರುವ ಮುಖ್ಯ ಭಾಷೆ ಓಟ. ಓಡಲು ಜಾಗವಿಲ್ಲದ ಕಡೆ ಅದು ಸೋಲನ್ನು ಒಪ್ಪಿಕೊಂಡದ್ದು ದೊಡ್ಡದಕ್ಕೆ ತಿಳಿಯುವುದೇ ಇಲ್ಲ. ಇನ್ನೂ ಎದುರು ನಿಂತಿದೆ ಎಂದುಕೊಂಡು ಅದು ಕುಕ್ಕುತ್ತಲೇ ಹೋಗುತ್ತದೆ. ಆ ಮೂಲೆಯನ್ನು ಕಟ್ಟಿದವರು ಯಾರು ಎಂಬಲ್ಲಿಂದ ಅಕ್ಕನ ಪ್ರಶ್ನೆಗೆ ಒಂದು ದಾರಿ ತೆರೆಯುತ್ತದೆ ಎಂದು ನನಗೆ ಕಂಡಿತು.

ಕನ್ನಡದವರಿಗೆ ಕೋಳಿ ಮತ್ತು ಪಾಪ ಎಂದರೆ ಮೊದಲು ನೆನಪಾಗಬೇಕಾದವನು ಜನ್ನ. 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯಲ್ಲಿ ರಾಜನ ತಾಯಿ ದುಃಸ್ವಪ್ನದ ಶಾಂತಿಗೆ ಬಲಿ ಕೊಡು ಎನ್ನುತ್ತಾಳೆ; ಮಗ ಒಪ್ಪುವುದಿಲ್ಲ; ಕೊನೆಗೆ ಇಬ್ಬರೂ ರಾಜಿಯಾಗಿ ಹಿಟ್ಟಿನ ಕೋಳಿಯನ್ನು ಕಡಿಯುತ್ತಾರೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿ-ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಪ್ರಾಣಿಜನ್ಮಗಳಲ್ಲಿ ಕೊನೆಯದು ಕೋಳಿಯ ಜನ್ಮವೇ. ಮಕ್ಕಳು ಪ್ರತಿ ವರ್ಷ ಕೇಳುತ್ತಿದ್ದರು: "ಮ್ಯಾಮ್, ಹಿಟ್ಟಿಗೆ ಜೀವವೇ ಇಲ್ವಲ್ಲ, ಅಷ್ಟು ದೊಡ್ಡ ಶಿಕ್ಷೆ ಯಾಕೆ?" ಸಂಕಲ್ಪಹಿಂಸೆ ಎಂದು ಉತ್ತರ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಕೊಲ್ಲುವ ಮನಸ್ಸು ಬಂದಲ್ಲಿಗೆ ಕೊಂದ ಹಾಗೆ. ಕತ್ತಿಯ ಕೆಳಗೆ ಇದ್ದದ್ದು ಹಿಟ್ಟೋ ಮಾಂಸವೋ ಎಂಬುದು ಆಮೇಲಿನ ಮಾತು.

ಹಿತ್ತಿಲಿನ ಪ್ರಕರಣ ಇದಕ್ಕೆ ನೇರ ತಿರುಗುಮುರುಗು. ಯಶೋಧರನಲ್ಲಿ ಸಂಕಲ್ಪ ಉಂಟು, ಸತ್ತ ಜೀವ ಇಲ್ಲ. ಇಲ್ಲಿ ನೋಯುವ ಜೀವ ಉಂಟು, ಸಂಕಲ್ಪ ಯಾರದ್ದೂ ಇಲ್ಲ. ಗಿರಿರಾಜಕ್ಕೆ ಇಲ್ಲ, ಸಾಕಿದ ನನಗಂತೂ ಇಲ್ಲವೇ ಇಲ್ಲ. ಮನಸ್ಸೊಂದನ್ನೇ ಅಳೆಯುವ ಧರ್ಮವಾದರೆ ಈ ಗಾಯದ ಮುಂದೆ ಅದು ಕೈಚೆಲ್ಲಿ ಕೂರಬೇಕಾಗುತ್ತದೆ. ಬ್ಯಾಂಟಮ್‌ನ ಬೆನ್ನಿನಿಂದ ನೋಡಿದರೆ ಸಂಕಲ್ಪವಿದ್ದ ಕೊಕ್ಕಿಗೂ ಇಲ್ಲದ ಕೊಕ್ಕಿಗೂ ವ್ಯತ್ಯಾಸವೇನು?

ಇದನ್ನು ಅಕ್ಕನ ಹತ್ತಿರ ಹೇಳಿದೆ. ಅವರು ಸೂತ್ರದ ಮಾತು ಎತ್ತಿದರು. ದಶಲಕ್ಷಣ ಪರ್ವದಲ್ಲಿ ಉಮಾಸ್ವಾಮಿಯ 'ತತ್ತ್ವಾರ್ಥ ಸೂತ್ರ'ದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದುತ್ತಾರೆ. ಚಿಕ್ಕಂದಿನಿಂದ ಕೇಳಿ ಕೇಳಿ ಅವರಿಗೆ ಬಾಯಿಗೆ ಬಂದಿದೆ. ಅದರ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ದ್ವೇಷ, ಸಿಟ್ಟು ಎಂದೇನೂ ಶುರುಮಾಡುವುದಿಲ್ಲ. ಪ್ರಮಾದದಿಂದ ಪ್ರಾಣಕ್ಕೆ ಕೇಡಾಗುವುದೇ ಹಿಂಸೆ ಎಂಬುದು ಅಲ್ಲಿನ ತಾತ್ಪರ್ಯ. ಕನ್ನಡ ನಾಡಿನವರೆಂದೇ ನಾವು ಹೇಳಿಕೊಳ್ಳುವ ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ನೆಲ ನೋಡಿಕೊಂಡು ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಹುಳವೊಂದು ತಾನಾಗಿ ಬಂದು ಸತ್ತರೆ ಅವನಿಗೆ ಆ ಪಾಪದ ಬಂಧವಿಲ್ಲ. ಎಚ್ಚರ ತಪ್ಪಿ ನಡೆಯುವವನ ಕಾಲಡಿಯಲ್ಲಿ ಏನೂ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲ.

"ಪ್ರಮಾದ ಅಂದ್ರೆ ನಿದ್ದೆ ಟೀಚರ್. ಕಣ್ಣು ಬಿಟ್ಕೊಂಡು ಮಾಡುವ ನಿದ್ದೆ" ಎಂದರು ಅಕ್ಕ.

ಉತ್ತರ ಸಿಕ್ಕಿತು. ಪಾಪ ಕೊಕ್ಕಿನದಲ್ಲ, ಮೂಲೆ ಕಟ್ಟಿದವರದು. ಸೇರಬಾರದ ಎರಡು ಗಾತ್ರಗಳನ್ನು ಒಂದು ಬಲೆಯೊಳಗೆ ಸೇರಿಸಿ "ಅವೇ ಹೊಂದಿಕೊಳ್ಳುತ್ತವೆ" ಎಂದು ಒಳಗೆ ಹೋಗಿ ಟಿವಿ ಹಾಕುವವರ ಲೆಕ್ಕಕ್ಕೆ.

ಅದೇ ಅಧ್ಯಾಯದಲ್ಲಿ ಇನ್ನೂ ಒಂದು ಪಟ್ಟಿ ಉಂಟು. ಗೃಹಸ್ಥರ ಅಹಿಂಸಾವ್ರತಕ್ಕೆ ಐದು ಅತಿಚಾರಗಳು, ಎಂದರೆ ವ್ರತಕ್ಕೆ ತಗಲುವ ದೋಷಗಳು: ಬಂಧ, ವಧ, ಛೇದ, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು. ಇಲ್ಲಿ ವಧ ಎಂದರೆ ಕೊಲ್ಲುವುದಲ್ಲ, ಹೊಡೆಯುವುದು. ಇದನ್ನು ಮೊದಲ ಬಾರಿ ಗಮನವಿಟ್ಟು ಓದಿದಾಗ ನನಗೆ ಆಶ್ಚರ್ಯವಾಯಿತು. ಆತ್ಮ, ಪುದ್ಗಲ, ಮೋಕ್ಷ ಎಂದು ಮಾತಾಡುವ ಗ್ರಂಥ ಇದ್ದಕ್ಕಿದ್ದಂತೆ ಕೊಟ್ಟಿಗೆಗೆ ಇಳಿದು ಬಂದಿದೆ. ಕಟ್ಟುವುದು, ಬಡಿಯುವುದು, ಅಂಗ ಕತ್ತರಿಸುವುದು, ಹೊರೆ ಹೇರುವುದು, ಮೇವು-ನೀರು ತಪ್ಪಿಸುವುದು. ಇವು ಶತ್ರುವಿಗೆ ಮಾಡುವ ಹಿಂಸೆಗಳಲ್ಲ. ನಾವು ಸಾಕಿದ್ದಕ್ಕೆ, ನಮ್ಮ ಅನ್ನ ತಿನ್ನುವುದಕ್ಕೆ ಮಾಡುವಂಥವು. ಸಾಕುವವರ ಮೇಲೆ ಇಷ್ಟು ಹತ್ತಿರದಿಂದ ಕಣ್ಣಿಟ್ಟ ಶಾಸ್ತ್ರಕಾರರು ಹೆಚ್ಚು ಜನ ಇಲ್ಲ.

ಛೇದವನ್ನೇ ನೋಡಿ. ಕೋಳಿ ಫಾರಂಗಳಲ್ಲಿ ಕುಕ್ಕಾಟ ತಡೆಯಲು ಮರಿಗಳ ಕೊಕ್ಕಿನ ತುದಿಯನ್ನು ಕಾದ ಬ್ಲೇಡಿನಿಂದ ಕತ್ತರಿಸುತ್ತಾರೆ. ಕೋಳಿಗೆ ಕೊಕ್ಕೆಂದರೆ ನಮ್ಮ ಬೆರಳಿದ್ದ ಹಾಗೆ, ನರವಿರುವ ಅಂಗ. ಓಡಲು ಜಾಗ ಕೊಡದೆ ಇಟ್ಟದ್ದರಿಂದ ಹುಟ್ಟಿದ ಕುಕ್ಕಾಟಕ್ಕೆ ಕೊಕ್ಕು ಕತ್ತರಿಸುವುದು ಪರಿಹಾರ! ಭಾರತದ ಕಾನೂನು ಆಯೋಗ 2017ರ ತನ್ನ 269ನೇ ವರದಿಯನ್ನು ಮೊಟ್ಟೆಕೋಳಿ, ಮಾಂಸದ ಕೋಳಿಗಳನ್ನು ಸಾಕುವ, ಸಾಗಿಸುವ ರೀತಿಗೇ ಮೀಸಲಿಟ್ಟಿತು. ರೆಕ್ಕೆ ಬಿಚ್ಚಲಾಗದ ತಂತಿ ಪಂಜರಗಳು ಆಮೇಲೂ ಇವೆ. ಅವುಗಳ ಮೊಟ್ಟೆಯನ್ನು ನಾವೆಲ್ಲ ಬೇಕರಿ ಕೇಕಿನಲ್ಲಿ ತಿಂದಿದ್ದೇವೆ.

ಇನ್ನು ಅನ್ನಪಾನ. ನಾನು ಎಲ್ಲ ಕೋಳಿಗಳಿಗೂ ಸಾಕಾಗುವಷ್ಟು ನುಚ್ಚು ಹಾಕುತ್ತೇನೆ, ತೌಡು ಕಲಸಿಡುತ್ತೇನೆ. ತೊಟ್ಟಿ ಒಂದೇ ಇದ್ದರೆ ಲೆಕ್ಕದಲ್ಲಿ ಸಮಪಾಲು. ನಿಜದಲ್ಲಿ ದೊಡ್ಡವು ತಿಂದು ಬಿಟ್ಟ ಮೇಲೆ ಉಳಿದ ಹುಡಿ ಸಣ್ಣವುಗಳದ್ದು. ಯಾರೂ ತಡೆದಿಲ್ಲ, ಆದರೂ ಅನ್ನ ತಪ್ಪಿದೆ. ಈ ಸಮಪಾಲಿನ ಮೋಸವನ್ನು ನಾನು ಮನುಷ್ಯರ ಸಾಲುಗಳಲ್ಲೂ ಕಂಡವಳು, ಅದಿರಲಿ. ತೊಟ್ಟಿ ಎರಡಾಗಬೇಕು. ಎರಡನೆಯದು ಮೊದಲನೆಯದರ ಕಣ್ಣಿಗೆ ಬೀಳದ ಕಡೆ, ಬಾವಿಕಟ್ಟೆಯ ಹಿಂದೆಯೋ ಸೌದೆ ರಾಶಿಯ ಆಚೆಯೋ ಇರಬೇಕು. ಒಂದು ಕಡೆ ನಿಂತ ದೊಡ್ಡ ಹೇಂಟೆಗೆ ಎರಡೂ ಕಾಣುವಂತಿದ್ದರೆ ಅದು ಎರಡನ್ನೂ ಕಾಯುತ್ತದೆ. ನೀರಿಗೂ ಇದೇ ಮಾತು.

ಬಂಧದ ವಿಷಯದಲ್ಲಿ ಅಕ್ಕನಿಗೂ ನನಗೂ ಒಮ್ಮತವಾಗಲಿಲ್ಲ. ಸಣ್ಣವನ್ನು ಕಾಪಾಡಬೇಕೆಂದರೆ ನಡುವೆ ಬಲೆ ಹಾಕು, ಬೇರೆ ಗೂಡಿನಲ್ಲಿ ಮುಚ್ಚಿಡು ಎನ್ನುವುದು ಎಲ್ಲರೂ ಹೇಳುವ ಮಾತು. ಹಾಗಾದರೆ ಕುಕ್ಕಿದ್ದು ದೊಡ್ಡದು, ಜೈಲು ಸಣ್ಣದಕ್ಕೆ! ಇದು ನನಗೆ ಹಿಡಿಸುವುದಿಲ್ಲ. ಹುಡುಗರು ಕೀಟಲೆ ಮಾಡುತ್ತಾರೆಂದು ಹುಡುಗಿಯನ್ನು ಮನೆಯಲ್ಲಿ ಕೂರಿಸುವ ಊರಿನಲ್ಲಿ ನಾನು ಪಾಠ ಹೇಳಿದವಳು. "ಜೀವ ಉಳಿದ ಮೇಲೆ ಮತ್ತೆ ಬಾಕಿದ್ದು" ಎಂದರು ಅಕ್ಕ. ಅದೂ ಸುಳ್ಳಲ್ಲ.

ಕೊನೆಗೆ ಮಾಡಿಸಿದ್ದು ಹೀಗೆ. ಹಿತ್ತಿಲಿನ ಒಂದು ಬದಿಗೆ ಅಡಿಕೆ ದಬ್ಬೆಯ ಬೇಲಿ; ಅದರ ಬುಡದಲ್ಲಿ ಎರಡು ಕಂಡಿ. ಬ್ಯಾಂಟಮ್ ನುಗ್ಗುವಷ್ಟು ಅಗಲ, ಗಿರಿರಾಜಕ್ಕೆ ತಲೆ ಮಾತ್ರ ತೂರುವಷ್ಟು. ಸಣ್ಣವು ಬೇಕೆಂದಾಗ ಹೊರಗೆ ಬರುತ್ತವೆ, ಬೇಡವೆಂದಾಗ ಒಳಗೆ ಹೋಗುತ್ತವೆ. ದೊಡ್ಡದು ಅಟ್ಟಿಸಿಕೊಂಡು ಬಂದು ಕಂಡಿಯ ಹೊರಗೆ ನಿಂತು ಇಣುಕಿ, ಏನೋ ಮರೆತವರಂತೆ ಹಿಂದಿರುಗುತ್ತದೆ. ಕಂಡಿ ಎರಡಿರಲೇಬೇಕು. ಒಂದೇ ಇದ್ದರೆ ಅದರ ಬಾಯಲ್ಲೇ ಯಾವುದಾದರೂ ಪುಂಡ ಹೇಂಟೆ ಕಾವಲು ಕೂತುಬಿಡುತ್ತದೆ. ಬೇಲಿಯ ಹೊರಗೂ ಅಲ್ಲಲ್ಲಿ ಒಣ ಮಡಲು, ಮಗುಚಿಟ್ಟ ಹಳೆ ಬುಟ್ಟಿ. ಅವು ಕೂಡ ಎರಡೂ ಕಡೆ ತೆರೆದಿರುವಂಥವು. ಒಂದು ಕಡೆ ಮುಚ್ಚಿದ ಅಡಗುತಾಣವೆಂದರೆ ಮತ್ತೊಂದು ಮೂಲೆ ಅಷ್ಟೆ.

ಬಂದ ದಿನವೇ ಒಟ್ಟಿಗೆ ಬಿಡುವುದಂತೂ ಎಂದೂ ಸಲ್ಲದು. ಹೊಸ ಕೋಳಿಯ ಜೊತೆ ಕೊಕ್ಕರೆ ರೋಗವೂ ಬರಬಹುದು. ಹಾಗಾಗಿ ಎರಡು-ಮೂರು ವಾರ ದೂರದ ಪಂಜರ, ಲಸಿಕೆ. ಆಮೇಲೆ ಕೆಲವು ದಿನ ನಡುವೆ ಬಲೆಯಿಟ್ಟು ಪರಸ್ಪರ ಕಾಣುವಂತೆ, ಆದರೆ ಮುಟ್ಟದಂತೆ ಇಡುವುದು. ಕೋಳಿ ಮುಖಗಳನ್ನು ಗುರುತಿಟ್ಟುಕೊಳ್ಳುತ್ತದೆ. ಅಪರಿಚಿತವನ್ನು ಕುಕ್ಕುವಷ್ಟು ದಿನಾ ಕಂಡದ್ದನ್ನು ಕುಕ್ಕುವುದಿಲ್ಲ. ಸಣ್ಣದನ್ನು ಒಂಟಿಯಾಗಿ ಬಿಡಬಾರದು, ಇದ್ದಷ್ಟನ್ನೂ ಒಟ್ಟಿಗೇ ಬಿಡಬೇಕು. ಹುಂಜಗಳದ್ದು ಬೇರೆಯೇ ಕಥೆ. ಗಿರಿರಾಜ ಹುಂಜ ಬ್ಯಾಂಟಮ್ ಹೇಂಟೆಯನ್ನು ಮೆಟ್ಟಿದರೆ ಅದರ ಭಾರಕ್ಕೂ ಕಾಲಿನ ಮುಳ್ಳಿಗೂ ಹೇಂಟೆಯ ಬೆನ್ನು ಉಳಿಯುವುದಿಲ್ಲ. ಅತಿಭಾರ ಎಂಬ ನಾಲ್ಕನೆಯ ಅತಿಚಾರ ಎತ್ತಿಗೂ ಕತ್ತೆಗೂ ಮಾತ್ರ ಎಂದುಕೊಂಡಿದ್ದ ನನಗೆ ಅದು ಇಲ್ಲಿ ಸಿಕ್ಕಿತು. ಆ ಹುಂಜಕ್ಕೆ ಬೇರೆ ಗೂಡು, ಬೇರೆ ಹೊತ್ತು, ಇದರಲ್ಲಿ ರಾಜಿಯಿಲ್ಲ. ಪುಟ್ಟ ಬ್ಯಾಂಟಮ್ ಹುಂಜ ಮಾತ್ರ ತನ್ನ ಗಾತ್ರ ಗೊತ್ತಿಲ್ಲದ ಪ್ರಾಣಿ. ತನ್ನ ಐದರಷ್ಟಿರುವ ಗಿರಿರಾಜದ ಮೇಲೆ ಅದೇ ಮೊದಲು ಹಾರುತ್ತದೆ.

ಬೇರೆ ಜಾತಿಯ ಬ್ಯಾಂಟಮ್‌ಗಳು ಚೆನ್ನಾಗಿ ಹಾರುತ್ತವೆ. ಅಪಾಯ ಬಂದರೆ ಮಾವಿನ ಕೊಂಬೆಯೇ ಅವಕ್ಕೆ ಸಾಕು. ಕೊಚ್ಚಿನ್ ಹಾರುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲವಂತೂ ಅದರ ಕಾಲಿನ ಪುಕ್ಕಕ್ಕೆ ವೈರಿ. ಕೆಸರು ಮೆತ್ತಿಕೊಂಡು, ಬೆರಳ ಸಂದಿ ಕೊಳೆತು, ಓಡಬೇಕಾದ ಹೊತ್ತಿಗೆ ಓಡಲಾಗದೆ ಹೋಗುತ್ತದೆ. ಜೂನ್ ಬಂತೆಂದರೆ ಬೇಲಿಯೊಳಗೆ ಮಾಡು ಹೊದಿಸಿ, ಒಣ ಮರಳು, ಮರದ ಹುಡಿ ಹರಡಬೇಕು. ಅಭಯವೆಂದರೆ ನನ್ನ ಮಟ್ಟಿಗೆ ಇಂಥದ್ದೇ: ಬೇಲಿ, ಕಂಡಿ, ಮರಳು. ಅನ್ನ, ಔಷಧ, ವಿದ್ಯೆ, ಅಭಯ ಎಂದು ಜೈನರು ನಾಲ್ಕು ದಾನಗಳನ್ನು ಹೇಳುತ್ತಾರೆ. ಧರ್ಮಸ್ಥಳದ ಹೆಸರಿನ ಜೊತೆ ನಮ್ಮ ಜಿಲ್ಲೆಯ ಮಕ್ಕಳಿಗೂ ಈ ನಾಲ್ಕು ಗೊತ್ತು. ಮೊದಲ ಮೂರು ಕೈಯಿಂದ ಎತ್ತಿ ಕೊಡುವಂಥವು. ಹೆದರಬೇಡ ಎಂದು ಬ್ಯಾಂಟಮ್‌ಗೆ ಹೇಳಿದರೆ ಏನು ಬಂತು? ಹೆದರಿದಾಗ ಓಡಲು ಒಂದು ಕಂಡಿ ಬೇಕು, ಅದಕ್ಕೆ.

ಲೋಕವೇ ಹೀಗೆ, ದೊಡ್ಡದು ಸಣ್ಣದನ್ನು ಕುಕ್ಕುವುದೇ ಸೃಷ್ಟಿನಿಯಮ ಎನ್ನುವವರೂ ಇದ್ದಾರೆ. ಕೋಳಿಗಳಲ್ಲಿ ಕುಕ್ಕುವ ಶ್ರೇಣಿಯೊಂದು ಇದೆ ಎಂದು ಮೊದಲು ಶಾಸ್ತ್ರೀಯವಾಗಿ ತೋರಿಸಿದ ನಾರ್ವೆಯ ಥೋರ್ಲೀಫ್ ಶೆಲ್ಡರಪ್-ಎಬ್ಬೆ, 1922ರಲ್ಲಿ ಅದನ್ನು ಪ್ರಕಟಿಸಿದವನು, ಮುಂದೆ ನಿರಂಕುಶತೆಯೇ ಲೋಕದ ಮೂಲತತ್ತ್ವ ಎನ್ನುವವರೆಗೆ ಹೋದ. ತನ್ನ ದೇಶದ ವಿದ್ವಾಂಸರ ಶ್ರೇಣಿಯಲ್ಲಿ ಅವನಿಗೇ ಸರಿಯಾದ ಜಾಗ ಸಿಗಲಿಲ್ಲ, ಪಾಪ. ಆದರೆ ಅವನು ಕಂಡದ್ದರಲ್ಲೇ ಇನ್ನೊಂದು ಮಾತೂ ಇದೆ. ಶ್ರೇಣಿ ಒಮ್ಮೆ ನಿಂತ ಮೇಲೆ ಜಗಳ ಕಡಿಮೆಯಾಗುತ್ತದೆ. ಕೊಕ್ಕೆತ್ತಿದರೆ ಸಾಕು, ಕುಕ್ಕಬೇಕಿಲ್ಲ. ಇನ್ನು ನಮ್ಮವರು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ಅರ್ಥಶಾಸ್ತ್ರವೂ ಶಾಂತಿಪರ್ವವೂ ಹೇಳಿವೆ. ಹೇಳಿದ್ದು ಅದನ್ನು ಒಪ್ಪಿಕೊಂಡು ಕೂರಲು ಅಲ್ಲ, ಹಾಗಾಗಬಾರದೆಂದೇ ರಾಜನೆಂಬವನು ಬೇಕಾದದ್ದು ಎಂದು ತೋರಿಸಲು. ಹಿತ್ತಿಲಿಗೆ ರಾಜ ನಾನೇ. ಸೃಷ್ಟಿನಿಯಮದ ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಕ್ಕು ಬಲೆ ಕಟ್ಟಿದವಳಿಗಿಲ್ಲ. ಸೃಷ್ಟಿಯಲ್ಲಿ ಆ ಬಲೆಯೇ ಇರಲಿಲ್ಲವಲ್ಲ.

ಆದರೆ ಈ ರಾಜನೇ ಹಬ್ಬಕ್ಕೆ ಕೋಳಿ ಕೊಯ್ಯಿಸುತ್ತಾಳೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮ ಅಡುಗೆಮನೆಯದ್ದೇ. ಅಕ್ಕ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ನನ್ನ ಮಗನೇ ಊಟಕ್ಕೆ ಕೂತಾಗ ಕೇಳಿದ: "ತಿನ್ನುವ ಕೋಳಿಗೆ ಇಷ್ಟೆಲ್ಲ ಕಂಡಿ-ಬೇಲಿ ಯಾಕಮ್ಮಾ? ಬೂಟಾಟಿಕೆ ಅಲ್ವಾ?" ಬೂಟಾಟಿಕೆ ಅಲ್ಲ ಎಂದು ನನ್ನ ವಾದ. ಜೈನಶಾಸ್ತ್ರದಲ್ಲಿ ಮುನಿಯದು ಮಹಾವ್ರತ, ಗೃಹಸ್ಥರದು ಅಣುವ್ರತ. ಪೂರ್ತಿ ಆಗದವರಿಗೂ ಎಷ್ಟು ಆಗುತ್ತದೋ ಅಷ್ಟರ ಲೆಕ್ಕ ಇಡಲು ಜಾಗವಿದೆ. ನನ್ನದು ಆ ಅಣುವಿನಲ್ಲೂ ಒಂದು ಚೂರು, ಅದು ಗೊತ್ತಿದೆ. ಸಂಕಲ್ಪಹಿಂಸೆಯ ಖಾತೆಯಲ್ಲಿ ನನ್ನ ಬಾಕಿ ಇದ್ದೇ ಇದೆ, ಅಕ್ಕನ ಶಾಸ್ತ್ರದ ಪ್ರಕಾರ ತೀರಿಸುವುದು ಸುಲಭವೂ ಅಲ್ಲ. ಆದರೆ ಆ ಬಾಕಿ ಇದೆಯೆಂದು ಪ್ರಮಾದದ ಖಾತೆಯನ್ನೂ ತೆರೆದಿಡಬೇಕೇ? ಕೊನೆಗೆ ಕೊಯ್ಯುವುದೇ ಎಂದಮೇಲೆ ಬದುಕಿದ್ದಷ್ಟು ದಿನ ಹೇಗಿದ್ದರೇನು ಎಂಬ ಮಾತೇ ತಂತಿ ಪಂಜರದ ಫಾರಂಗಳನ್ನು ಕಟ್ಟಿದ್ದು.

ಒಂದು ಸಂಗತಿ ಮಾತ್ರ ಯಾವ ವಾದಕ್ಕೂ ಸಿಗದೆ ಉಳಿದಿದೆ. ನಮ್ಮ ಗಿರಿರಾಜ ಹೇಂಟೆಗಳು ಮೊಟ್ಟೆಯಿಟ್ಟು ಎದ್ದುಹೋಗುತ್ತವೆ, ಕಾವು ಕೂರುವುದಿಲ್ಲ. ಬ್ಯಾಂಟಮ್‌ಗೆ ಕಾವಿನ ಹುಚ್ಚು. ತನ್ನದಲ್ಲದ, ತನ್ನನ್ನು ಅಟ್ಟಿಸಿದವುಗಳದ್ದೇ ಮೊಟ್ಟೆ ಇಟ್ಟರೂ ಕೂರುತ್ತದೆ. ಅದರ ಮೈಯಡಿ ಹಿಡಿಯುವುದು ನಾಲ್ಕೋ ಐದೋ ಗಿರಿರಾಜ ಮೊಟ್ಟೆ, ಅಷ್ಟೆ. ಇಪ್ಪತ್ತೊಂದನೆಯ ದಿನ ಮರಿ ಒಡೆದು, ಒಂದೆರಡು ತಿಂಗಳಲ್ಲೇ ಮರಿ ತಾಯಿಗಿಂತ ದೊಡ್ಡದಾಗುತ್ತದೆ. ಆಗಲೂ ತಾಯಿ ಕೊಕ್ಕೊಕ್ ಎಂದು ಕರೆದು ಹುಳ ತೋರಿಸುವುದು ನಿಲ್ಲುವುದಿಲ್ಲ. ಅಕ್ಕ ಇದಕ್ಕೆ ಪೂರ್ವಜನ್ಮದ ಋಣ ಎಂದರು. ನಾನು ಹಾರ್ಮೋನ್ ಎಂದೆ. ಇಬ್ಬರೂ ಪಾಗಾರದ ಎರಡು ಕಡೆ ನಿಂತು ನಕ್ಕೆವು.

ಈಗ ನೋಡಿದವರೆಲ್ಲ ಬ್ಯಾಂಟಮ್ ಮರಿ ಕೇಳುತ್ತಾರೆ. ಕೊಡಲು ನನ್ನ ಅಭ್ಯಂತರವಿಲ್ಲ, ದುಡ್ಡೂ ಬೇಡ. ಮನೆಯಲ್ಲಿ ದೊಡ್ಡ ಕೋಳಿ ಇದ್ದರೆ ಎರಡು ತೊಟ್ಟಿ, ಎರಡು ಕಂಡಿಯ ಒಂದು ಬೇಲಿ, ಹುಂಜಕ್ಕೆ ಬೇರೆ ಗೂಡು, ಇಷ್ಟು ಮೊದಲು ಮಾಡಿಸಿ. ಆಮೇಲೆ ಬುಟ್ಟಿ ಹಿಡಿದುಕೊಂಡು ಬನ್ನಿ. ಒಂದನ್ನೇ ಕೇಳಬೇಡಿ, ಮೂರಕ್ಕಿಂತ ಕಡಿಮೆ ನಾನು ಕೊಡುವುದಿಲ್ಲ.